ಅವ್ವನಿಗೆ ಸಿಲ್ವರ್ ಓಕ್ ಮರ ಬಾಗಿ ಕಂಡಿತು: ಮ್ಯಾಕುಲಾ ತೊಂದರೆ ಬಗ್ಗೆ ಗೊತ್ತಿದ್ದವರು ಹೇಳಿ

ಸುಂಟಿಕೊಪ್ಪ_ತೋಟ

ಎಲ್ಲರಿಗೂ ನಮಸ್ಕಾರ. ಅವ್ವನ ಕಣ್ಣಿನ ವಿಷಯ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ಅವ್ವನಿಗೆ 71. ಕಕ್ಕಡ ತಿಂಗಳ ಮಳೆ ಜೋರಾಗಿ ಹಿಡಿದಿದ್ದಾಗ ಒಂದು ಬೆಳಿಗ್ಗೆ ಜಗಲಿಯಲ್ಲಿ ನಿಂತು, "ಗೇಟಿನ ಹತ್ತಿರದ ಸಿಲ್ವರ್ ಓಕ್ ಬಾಗಿದೆ ಮಗ, ಕರೆಂಟ್ ತಂತಿ ಮೇಲೆ ಬೀಳ್ತದೆ, ಕಡಿಸು" ಅಂದರು. 2018ರ ಆಗಸ್ಟ್ ತಿಂಗಳಲ್ಲಿ ಕೊಡಗಿನ ಗುಡ್ಡಗಳು ಕುಸಿದದ್ದು ನೋಡಿದವರಿಗೆ ಮರ ಬಾಗಿದೆ ಅಂದರೆ ಎದೆ ಧಸಕ್ ಅನ್ನುತ್ತದೆ. ಕೊಡೆ ಹಿಡಿದು ಓಡಿದೆ. ಮರ ನೆಟ್ಟಗಿತ್ತು. ಬುಡದಲ್ಲಿ ಮಣ್ಣು ಬಿರುಕು ಬಿಟ್ಟಿರಲಿಲ್ಲ. ಮೆಣಸಿನ ಬಳ್ಳಿ ದಟ್ಟ ಆಗಿರುವುದಕ್ಕೆ ಹಾಗೆ ಕಾಣುತ್ತದೆ ಅಂತ ಹೇಳಿ ಬಿಟ್ಟುಬಿಟ್ಟೆ. ಎರಡು ವಾರ ಆದ ಮೇಲೆ ನಡುಮನೆ ಬಾಗಿಲಿನ ಚೌಕಟ್ಟು ಹೊಟ್ಟೆ ಬಿಟ್ಟಿದೆ, ಗೆದ್ದಲು ಇರಬೇಕು ಅಂದರು. ಬಡಗಿಯನ್ನು ಕರೆಸಿ ತೋರಿಸಿದೆ. ಮರ ಚೆನ್ನಾಗೇ ಇತ್ತು. ಕಣ್ಣಿನ ತೊಂದರೆ ಅಂತ ನಮಗ್ಯಾರಿಗೂ ಹೊಳೆಯಲೇ ಇಲ್ಲ.

ಆಮೇಲೆ ಓದಲು ಕಷ್ಟ ಅಂದಾಗ ಕನ್ನಡಕ ಬದಲಾಯಿಸಿದೆವು. ಎರಡು ಸಲ. ಅಂಗಡಿಯಲ್ಲಿ ಪೊರೆ ಶುರುವಾಗಿದೆ ಅಂದರು. ಸರಿ, ಕಾಫಿ ಕೊಯ್ಲು ಮುಗಿಯಲಿ, ಆಪರೇಷನ್ ಮಾಡಿಸೋಣ ಅಂತ ನಾವೇ ತೀರ್ಮಾನ ಮಾಡಿದೆವು.

ಹುತ್ತರಿ ಹಬ್ಬದ ದಿನ ಗೊತ್ತಾಯಿತು. ನೆಲ್ಲಕ್ಕಿಯ, ಅಂದರೆ ನಡುಮನೆಯ, ತೂಗುದೀಪ ಹಚ್ಚಲು ಅವ್ವ ಕಡ್ಡಿ ಗೀರಿದರು. ಉರಿ ಬತ್ತಿಯ ಪಕ್ಕಕ್ಕೆ ಹೋಯಿತು. ಇನ್ನೊಂದು ಕಡ್ಡಿ. ಅದೂ ಪಕ್ಕಕ್ಕೆ. ಮೂರನೆಯದು ಬೆರಳು ಸುಟ್ಟಿತು. "ದೀಪದ ಸುತ್ತ ಎಲ್ಲ ಕಾಣ್ತದೆ, ದೀಪ ಕಾಣಲ್ಲ" ಅಂದರು. ಅವರ ಎಡಗಣ್ಣು ಮುಚ್ಚಿ ಎದುರು ನಿಂತೆ. ನನ್ನ ಕಿವಿ ಕಾಣುತ್ತದಂತೆ, ಕೂದಲು ಕಾಣುತ್ತದಂತೆ. ಮುಖ ಇಲ್ಲ.

ಮೈಸೂರಿಗೆ ಕರೆದುಕೊಂಡು ಹೋದೆ. ಕಣ್ಣಿಗೆ ಹನಿ ಹಾಕಿ ಪಾಪೆ ಅಗಲ ಮಾಡಿ ನೋಡಿದರು, ಕಣ್ಣಿನ ಹಿಂದಿನ ಪದರ ತೋರಿಸುವ ಓಸಿಟಿ ಸ್ಕ್ಯಾನ್ ಮಾಡಿದರು. ವಯಸ್ಸಿನಿಂದ ಬರುವ ಮ್ಯಾಕುಲಾ ಸವೆತ, ಅಂದರೆ ನಡುನೋಟ ಕೊಡುವ ಜಾಗ ಸವೆಯುವುದು ಅಂದರು. ಬಲಗಣ್ಣಿನಲ್ಲಿ ಒಳಗೆ ರಕ್ತ, ನೀರು ಸೋರಿ ಆಗಲೇ ಗಾಯದ ಕಲೆ ಕಟ್ಟಿದೆ, ಅದಕ್ಕೆ ಹೆಚ್ಚೇನೂ ಮಾಡಲು ಆಗುವುದಿಲ್ಲ. ಎಡಗಣ್ಣಿನಲ್ಲಿ ಸೋರಿಕೆ ಈಗಷ್ಟೇ ಶುರು. ತಿಂಗಳಿಗೊಂದರಂತೆ ಮೂರು ಇಂಜೆಕ್ಷನ್, ಆಮೇಲೆ ನೋಡೋಣ ಅಂದರು.

ಇಂಜೆಕ್ಷನ್ ಕಣ್ಣಿನ ಒಳಗೇ ಕೊಡುವುದು ಅಂದ ಕೂಡಲೇ ಅವ್ವ ಬೇಡ ಅಂತ ಎದ್ದು ಬಂದುಬಿಟ್ಟರು. ಮುಂದಿನ ಗುರುವಾರಕ್ಕೆ ದಿನ ಕೊಟ್ಟಿದ್ದಾರೆ. ಇದನ್ನು ಹಾಕಿಸಿಕೊಂಡವರು ಯಾರಾದರೂ ಇದ್ದೀರಾ? ಅವ್ವನಿಗೆ ಓದಿ ಹೇಳುತ್ತೇನೆ.

ನಾಪೋಕ್ಲು_ಅಜ್ಜ

ತಮ್ಮಾ, ಅವ್ವನಿಗೆ ನನ್ನ ಮಾತು ಹೇಳು. ನನಗೆ 76. ಎಡಗಣ್ಣಿಗೆ ಇದುವರೆಗೆ 19 ಇಂಜೆಕ್ಷನ್ ಆಗಿದೆ. ನಾನು ಹೆದರಿದಷ್ಟು ನಿಮ್ಮವ್ವ ಹೆದರಿರಲಾರರು.

ಅಲ್ಲಿ ಏನಾಗುತ್ತದೆ ಅಂತ ಬಿಡಿಸಿ ಹೇಳುತ್ತೇನೆ. ಗೊತ್ತಿಲ್ಲದ್ದಕ್ಕೇ ಹೆದರಿಕೆ ಜಾಸ್ತಿ. ಮೊದಲು ಮರಗಟ್ಟುವ ಹನಿ ಹಾಕುತ್ತಾರೆ, ಎರಡು ಮೂರು ಸಲ. ಕಣ್ಣಿನ ಸುತ್ತ, ಕಣ್ಣಿನ ಒಳಗೆ ಕಂದು ಬಣ್ಣದ ಅಯೋಡಿನ್ ಔಷಧಿ ಹಾಕಿ ತೊಳೆಯುತ್ತಾರೆ. ನಿಜ ಹೇಳಬೇಕೆಂದರೆ ಉರಿಯುವುದು ಅದೇ. ಮುಖದ ಮೇಲೆ ಬಟ್ಟೆ, ಒಂದು ಕಣ್ಣಿಗೆ ಮಾತ್ರ ಕಿಂಡಿ. ರೆಪ್ಪೆ ಮುಚ್ಚದ ಹಾಗೆ ಸಣ್ಣ ಕ್ಲಿಪ್. ಆಮೇಲೆ "ಮೇಲೆ ನೋಡಿ" ಅನ್ನುತ್ತಾರೆ. ಸೂಜಿ ಕಣ್ಣಿಗೆ ಎದುರಾಗಿ ಬರುವುದೇ ಇಲ್ಲ. ಕರಿಗುಡ್ಡೆ ಬಿಟ್ಟು ಪಕ್ಕದ ಬಿಳಿ ಭಾಗಕ್ಕೆ ಕೊಡುವುದು. ಒತ್ತಿದ ಹಾಗೆ ಅನ್ನಿಸುತ್ತದೆ, ಅಷ್ಟೇ. ನಾನು ಮನಸ್ಸಿನಲ್ಲೇ ನಮ್ಮ ದೇವರು ಇಗ್ಗುತಪ್ಪನ ಹೆಸರು ಹೇಳಿ ಮುಗಿಸುವುದರೊಳಗೆ ಅವರು ಕ್ಲಿಪ್ ತೆಗೆದಿರುತ್ತಾರೆ.

ಸಂಜೆಯವರೆಗೆ ಕಣ್ಣಿನಲ್ಲಿ ಮರಳು ಬಿದ್ದ ಹಾಗೆ ಇರುತ್ತದೆ. ಕಪ್ಪು ಗುಳ್ಳೆ ಒಂದೆರಡು ತೇಲಬಹುದು, ಮರುದಿನ ಹೋಗುತ್ತದೆ. ಬಿಳಿಯಲ್ಲಿ ಕೆಂಪು ಕಲೆ ಕಂಡರೂ ಹೆದರಬೇಡಿ. ಆದರೆ ಎರಡನೇ ಮೂರನೇ ದಿನಕ್ಕೆ ನೋವು ಜಾಸ್ತಿ ಆದರೆ, ಕೆಂಪು ಏರುತ್ತಾ ಹೋದರೆ, ಕಾಣುವುದು ಕಡಿಮೆ ಆದರೆ ಆ ಕ್ಷಣವೇ ಹೊರಡಬೇಕು. ರಾತ್ರಿ ಆದರೂ ಸರಿ. ಅದು ಸೋಂಕು ಇರಬಹುದು. ತುಂಬಾ ಅಪರೂಪ, ಆದರೆ ಬಂದರೆ ಗಂಟೆಗಳ ಲೆಕ್ಕ.

ಇಂಜೆಕ್ಷನ್‌ನಿಂದ ನನಗೆ ಕಣ್ಣು ಹೊಸದಾಗಿ ಬಂದಿಲ್ಲ. ಇದ್ದದ್ದು ಉಳಿದಿದೆ. ಈಗಲೂ ಮೊಮ್ಮಗಳ ಮುಖ ಕಾಣುತ್ತದೆ. ಇನ್ನೊಂದು ಕಣ್ಣಿಗೆ ತಡ ಮಾಡಿದೆ, ಅದರಲ್ಲಿ ಕಾಣುವುದಿಲ್ಲ. ಎರಡೂ ನನ್ನ ಮುಖದಲ್ಲೇ ಇವೆ ತಮ್ಮಾ, ಬೇಗ ಹೋದದ್ದು ಒಂದು, ತಡವಾದದ್ದು ಒಂದು.

ವಿರಾಜಪೇಟೆ_ಹುಡುಗಿ

ನಾನು ಆಪ್ಟೋಮೆಟ್ರಿಸ್ಟ್, ಅಂದರೆ ಕಣ್ಣಿನ ನೋಟ ಪರೀಕ್ಷೆ ಮಾಡುವವಳು, ಮೈಸೂರಿನಲ್ಲಿ ಕೆಲಸ. ತವರು ವಿರಾಜಪೇಟೆ. ಅಜ್ಜ ಬರೆದದ್ದು ಅಕ್ಷರ ಅಕ್ಷರ ಸರಿ. ಅವ್ವನಿಗೆ ಈ ಕಾಯಿಲೆ ಏನು ಅಂತ ಅರ್ಥ ಆದರೆ ಅರ್ಧ ಧೈರ್ಯ ಬರುತ್ತದೆ, ಅದಕ್ಕೆ ಬರೆಯುತ್ತಿದ್ದೇನೆ.

ಕಣ್ಣಿನ ಹಿಂದಿನ ಗೋಡೆಗೆ ಕಾಗದ ಅಂಟಿಸಿದ ಹಾಗೆ ಒಂದು ತೆಳು ಪದರ ಇದೆ, ಅದೇ ರೆಟಿನಾ. ಅದರ ನಡುವೆ ಸುಮಾರು 5 ಮಿಲಿಮೀಟರ್ ಅಗಲದ ಜಾಗ ಮ್ಯಾಕುಲಾ. ಒಂದು ಕರಿಮೆಣಸಿನ ಕಾಳಿನಷ್ಟು. ಓದುವುದು, ಸೂಜಿಗೆ ದಾರ ಹಾಕುವುದು, ಮುಖ ಗುರುತಿಸುವುದು, ಹಣ್ಣು ಕಾಫಿ ಯಾವುದು ಹಸಿರು ಯಾವುದು ಅಂತ ನೋಡುವುದು, ಎಲ್ಲವೂ ಆ ಕಾಳಿನಷ್ಟು ಜಾಗದ ಕೆಲಸ. ಉಳಿದ ರೆಟಿನಾ ಪಕ್ಕದ ನೋಟ ಕೊಡುತ್ತದೆ.

ವಯಸ್ಸಾದ ಹಾಗೆ ಮ್ಯಾಕುಲಾದ ಅಡಿಯಲ್ಲಿ ಕಸ ಕಟ್ಟುತ್ತದೆ. ಹಳದಿ ಚುಕ್ಕೆ ಚುಕ್ಕೆ. ಡ್ರೂಸೆನ್ ಅನ್ನುತ್ತಾರೆ. ಇದು ಒಣ ಬಗೆ. 100 ಜನರಲ್ಲಿ 85ರಿಂದ 90 ಜನರಿಗೆ ಇದೇ. ವರ್ಷಗಟ್ಟಲೆ ನಿಧಾನವಾಗಿ ಸವೆಯುತ್ತದೆ, ಕೆಲವರಿಗೆ ಹೆಚ್ಚು ತೊಂದರೆಯೇ ಆಗುವುದಿಲ್ಲ. ಉಳಿದವರಿಗೆ ಅಡಿಯಿಂದ ಹೊಸ ರಕ್ತನಾಳ ಮೊಳೆಯುತ್ತವೆ. ಅವುಗಳ ಗೋಡೆ ದುರ್ಬಲ. ನೀರು, ರಕ್ತ ಸೋರುತ್ತದೆ. ಇದು ಒದ್ದೆ ಬಗೆ. ಗೋಡೆ ಒಳಗಿಂದ ನೀರು ಕುಡಿದರೆ ಮೇಲಿನ ಕಾಗದ ಉಬ್ಬುತ್ತದಲ್ಲ, ಹಾಗೆ ರೆಟಿನಾ ಉಬ್ಬುತ್ತದೆ. ಉಬ್ಬಿದ ಪರದೆಯ ಮೇಲೆ ನೇರ ಗೆರೆ ಬಿದ್ದರೆ ಡೊಂಕಾಗಿ ಕಾಣಬೇಕಲ್ವಾ? ನಿಮ್ಮ ಅವ್ವ ನೋಡಿದ ಸಿಲ್ವರ್ ಓಕ್ ಅದೇ. ಅವರು ಆ ದಿನ ತಪ್ಪು ಹೇಳಲಿಲ್ಲ. ತಮಗೆ ಕಂಡದ್ದನ್ನೇ ಹೇಳಿದರು.

ಹೊಸ ನಾಳ ಬೆಳೆಯಲು ದೇಹದಲ್ಲಿ ಒಂದು ಪ್ರೋಟೀನ್ ಅಪ್ಪಣೆ ಕೊಡುತ್ತದೆ, ಹೆಸರು ವಿಇಜಿಎಫ್. ಇಂಜೆಕ್ಷನ್ ಮಾಡುವುದು ಆ ಅಪ್ಪಣೆಯನ್ನು ತಡೆಯುವ ಕೆಲಸ. ನಾಳ ಒಣಗುತ್ತದೆ, ನೀರು ಇಳಿಯುತ್ತದೆ. ಕೆಲವು ವಾರಕ್ಕೆ ಔಷಧಿಯ ಶಕ್ತಿ ಇಳಿದುಹೋಗುತ್ತದೆ. ಅದಕ್ಕೇ ಮತ್ತೆ ಮತ್ತೆ ಕೊಡುವುದು. ಪ್ರತಿ ತಿಂಗಳು ಕೊಟ್ಟು ನೋಡಿದ ದೊಡ್ಡ ಅಧ್ಯಯನಗಳಲ್ಲಿ ಒಂದು ವರ್ಷ ಆದ ಮೇಲೆ 100ರಲ್ಲಿ 90ಕ್ಕೂ ಹೆಚ್ಚು ಜನರ ನೋಟ ದೊಡ್ಡದಾಗಿ ಕೆಡದೆ ಉಳಿಯಿತು, ಹತ್ತಿರಹತ್ತಿರ ಮೂರರಲ್ಲಿ ಒಬ್ಬರಿಗೆ ಚೆನ್ನಾಗಿಯೇ ಸುಧಾರಿಸಿತು. ಈ ಔಷಧಿಗಳು ಬಂದದ್ದು 2005-06ರ ಹೊತ್ತಿಗೆ. ಅದಕ್ಕೆ ಮೊದಲು ನೋಟ ಹೋಗುವುದನ್ನು ಸ್ವಲ್ಪ ನಿಧಾನ ಮಾಡಬಹುದಿತ್ತು, ಅದಕ್ಕಿಂತ ಹೆಚ್ಚು ಕೈಯಲ್ಲಿ ಇರಲಿಲ್ಲ. ಎಡಗಣ್ಣಿನಲ್ಲಿ ಈಗಷ್ಟೇ ಶುರು ಅಂದಿದ್ದಾರೆ. ಗುರುವಾರ ತಪ್ಪಿಸಬೇಡಿ ಅಣ್ಣ.

ಭಾಗಮಂಡಲ_ಕೃಷಿಕ

ನಮ್ಮ ಮನೆಯಲ್ಲಿ ಅಜ್ಜಿ ಕಾಲದಿಂದ ಕಣ್ಣಿಗೆ ನಂದಿಬಟ್ಟಲು ಹೂವಿನ ರಸ, ತುಡುವೆ ಜೇನು ಹಾಕುತ್ತೇವೆ. ಉರಿ, ಕೆಂಪು ಎಲ್ಲ ಹೋಗುತ್ತದೆ. ಸೂಜಿ ಚುಚ್ಚಿಸುವ ಮುಂಚೆ ಒಂದು ತಿಂಗಳು ಇದನ್ನು ಮಾಡಿ ನೋಡಬಹುದಲ್ವಾ? ಕೆಟ್ಟದ್ದಂತೂ ಆಗಲ್ಲ.

ವಿರಾಜಪೇಟೆ_ಹುಡುಗಿ

ಅಣ್ಣ, ನೀವು ಪ್ರೀತಿಯಿಂದ ಹೇಳಿದ್ದು ಗೊತ್ತು. ನಮ್ಮ ಮನೆಯ ಅಂಗಳದಲ್ಲೂ ನಂದಿಬಟ್ಟಲು ಇದೆ, ಅಜ್ಜಿ ತಣ್ಣಗಿನ ಹೂವನ್ನು ಮುಚ್ಚಿದ ರೆಪ್ಪೆ ಮೇಲೆ ಇಡುತ್ತಿದ್ದರು. ರೆಪ್ಪೆ ಮೇಲೆ ಇಡುವುದಕ್ಕೂ ಕಣ್ಣಿನ ಒಳಗೆ ರಸ ಬಿಡುವುದಕ್ಕೂ ತುಂಬಾ ವ್ಯತ್ಯಾಸ ಇದೆ. ಹೂವು, ಜೇನು, ಎದೆಹಾಲು, ಯಾವುದೂ ಶುದ್ಧ ಮಾಡಿದ ಔಷಧಿ ಅಲ್ಲ. ಕಣ್ಣಿನ ಮುಂದಿನ ಕರಿಗುಡ್ಡೆಗೆ ಸೋಂಕು ಹತ್ತಿ ಹುಣ್ಣಾದವರನ್ನು ನಾನೇ ನೋಡಿದ್ದೇನೆ.

ಇನ್ನೊಂದು ಮಾತು. ಕಣ್ಣುಗುಡ್ಡೆ ಮುಂದಿನಿಂದ ಹಿಂದಕ್ಕೆ ಸುಮಾರು 24 ಮಿಲಿಮೀಟರ್. ಮ್ಯಾಕುಲಾ ಇರುವುದು ಕಟ್ಟಕಡೆಗೆ, ಹಿಂದಿನ ಗೋಡೆಯಲ್ಲಿ. ಮುಂದೆ ಹಾಕಿದ ರಸ ಅಲ್ಲಿಗೆ ತಲುಪುವುದಿಲ್ಲ. ಒದ್ದೆ ಬಗೆಗೆ ಹನಿ ಹಾಕಿ ವಾಸಿ ಮಾಡುವ ಔಷಧಿ ಇದ್ದಿದ್ದರೆ ನಾವೇ ಮೊದಲು ಕೊಡುತ್ತಿದ್ದೆವು. ಈ ಕಾಯಿಲೆಯಲ್ಲಿ ಒಂದು ತಿಂಗಳು ಅಂದರೆ ತುಂಬಾ ದೊಡ್ಡ ಸಮಯ. ಅಷ್ಟರಲ್ಲಿ ಕಲೆ ಕಟ್ಟಿಬಿಡಬಹುದು, ಕಲೆಯನ್ನು ಯಾರಿಂದಲೂ ಅಳಿಸಲು ಆಗುವುದಿಲ್ಲ.

ಭಾಗಮಂಡಲ_ಕೃಷಿಕ

ಸರಿ ತಂಗಿ, ಹಿಂದೆ ತಲುಪುವುದಿಲ್ಲ ಅನ್ನುವುದು ಗೊತ್ತಿರಲಿಲ್ಲ. ನನ್ನ ಮಾತಿನಿಂದ ಯಾರಿಗೂ ತಡ ಆಗಬಾರದು. ಗುರುವಾರ ಹೋಗಿ ಬನ್ನಿ.

ಕುಶಾಲನಗರ_38

ನನಗೂ ನಡುವೆ ಕಂದು ನಾಣ್ಯ ಇಟ್ಟ ಹಾಗೆ ಕಂಡಿತ್ತು. ವಯಸ್ಸು 38. ಇದೇ ಕಾಯಿಲೆ ಅಂತ ಹೆದರಿ ನಿದ್ದೆ ಬಿಟ್ಟಿದ್ದೆ. ಸ್ಕ್ಯಾನ್ ಮಾಡಿದಾಗ ಸೆಂಟ್ರಲ್ ಸೀರಸ್ ಅಂದರು. ಮ್ಯಾಕುಲಾ ಕೆಳಗೆ ಬರೀ ನೀರು ತುಂಬಿಕೊಳ್ಳುವುದು. ಡಾಕ್ಟರ್ ಮೊದಲು ಕೇಳಿದ್ದೇ "ಸ್ಟಿರಾಯ್ಡ್ ತೆಗೆದುಕೊಳ್ಳುತ್ತೀರಾ" ಅಂತ. ಚರ್ಮದ ಅಲರ್ಜಿಗೆ ಯಾರೋ ಕೊಟ್ಟ ಮಾತ್ರೆ ತಿಂಗಳುಗಟ್ಟಲೆ ನುಂಗಿದ್ದೆ, ಅದರಲ್ಲಿ ಸ್ಟಿರಾಯ್ಡ್ ಇತ್ತು. ಅವರು ಹೇಳಿದ ಹಾಗೆ ಹಂತ ಹಂತವಾಗಿ ಬಿಟ್ಟೆ. ಮೂರೂವರೆ ತಿಂಗಳಲ್ಲಿ ತಾನಾಗಿಯೇ ಇಳಿಯಿತು, ಇಂಜೆಕ್ಷನ್ ಬೇಕಾಗಲಿಲ್ಲ. ನಡುವೆ ಮಬ್ಬು ಕಂಡವರೆಲ್ಲ ಒಂದೇ ಕಾಯಿಲೆ ಅಂದುಕೊಳ್ಳಬೇಡಿ. ಆದರೆ ಸ್ಕ್ಯಾನ್ ಮಾತ್ರ ಮಾಡಿಸಿ.

ಗೋಣಿಕೊಪ್ಪ_ಟೀಚರ್

ನಮ್ಮ ಅಜ್ಜಿಯ ಕಥೆ ಹೇಳಬೇಕು. ಇದನ್ನು ಎಲ್ಲಿಯೂ ಹೇಳಿಕೊಳ್ಳಲು ಆಗಿರಲಿಲ್ಲ.

ಅಜ್ಜಿಗೆ 84. ಎರಡೂ ಕಣ್ಣಿನ ನಡುನೋಟ ಹೋಗಿ ಎರಡು ವರ್ಷ ಆಗಿತ್ತು. ಒಂದು ಸಂಜೆ ಒಲೆ ಹತ್ತಿರ ಕೂತಿದ್ದವರು ಮೆಲ್ಲಗೆ ನನ್ನ ಕೈ ಹಿಡಿದು, "ಆ ಬೆಂಚಿನ ಮೇಲೆ ನಾಲ್ಕು ಜನ ಕೂತಿದ್ದಾರೆ, ಕಾಫಿ ಕೊಡಬೇಕಾ?" ಅಂದರು. ಬೆಂಚು ಖಾಲಿ ಇತ್ತು. ಹೆಂಗಸರಂತೆ, ಸಣ್ಣ ಸಣ್ಣ ಹೂವಿನ ಸೀರೆಯಂತೆ, ಮಾತಾಡುವುದಿಲ್ಲವಂತೆ. ಇನ್ನೊಂದು ದಿನ ಅಂಗಳದ ತುಂಬ ಮಕ್ಕಳು. ಮತ್ತೊಂದು ದಿನ ಗೋಡೆ ತುಂಬ ಕಲ್ಲು ಕಟ್ಟಿದ ಹಾಗೆ ವಿನ್ಯಾಸ.

ಮನೆಯಲ್ಲಿ ಎರಡು ಮಾತು ಶುರುವಾಯಿತು. ಕಾರೋಣ, ಅಂದರೆ ತೀರಿಹೋದ ಮನೆತನದ ಹಿರಿಯರು, ಬಂದು ಕೂರುತ್ತಿದ್ದಾರೆ, ಅವರ ಗುಡಿ ಕೈಮಡದಲ್ಲಿ ಏನೋ ಕಡಿಮೆ ಆಗಿದೆ ಅಂತ ದೊಡ್ಡಪ್ಪ. ಅಜ್ಜಿಗೆ ಅರಳುಮರಳು ಅಂತ ಚಿಕ್ಕಮ್ಮ. ಅಜ್ಜಿ ಇದನ್ನೆಲ್ಲ ಕೇಳಿಸಿಕೊಂಡು ಹೇಳುವುದನ್ನೇ ನಿಲ್ಲಿಸಿದರು. ಅದು ನನಗೆ ಇವತ್ತಿಗೂ ಸಂಕಟ. ಆರು ತಿಂಗಳು ಆ ಜನರನ್ನು ಒಬ್ಬರೇ ನೋಡುತ್ತಾ ಕೂತಿದ್ದರು.

ಕಣ್ಣಿನ ಡಾಕ್ಟರ ಹತ್ತಿರ ಹೋದಾಗ ನಾನು ಸುಮ್ನೆ ಕೇಳಿದೆ. ಅವರು ನಕ್ಕು ಅಜ್ಜಿಯ ಹೆಗಲ ಮೇಲೆ ಕೈ ಇಟ್ಟು, "ಅಜ್ಜಿ, ನಿಮ್ಮ ತಲೆ ಚೆನ್ನಾಗಿದೆ" ಅಂದರು. ಇದಕ್ಕೆ ಚಾರ್ಲ್ಸ್ ಬಾನೆ ಸಿಂಡ್ರೋಮ್ ಅನ್ನುತ್ತಾರಂತೆ. ಸ್ವಿಟ್ಜರ್‌ಲೆಂಡಿನ ಚಾರ್ಲ್ಸ್ ಬಾನೆ ಎಂಬ ವಿಜ್ಞಾನಿ 1760ರಲ್ಲಿ ಇದನ್ನು ಬರೆದಿಟ್ಟ. ಅವನ ಅಜ್ಜನಿಗೆ ಕಣ್ಣು ಮಂಜಾದ ಮೇಲೆ ಇಲ್ಲದ ಜನ, ಹಕ್ಕಿ, ಕಟ್ಟಡಗಳು ಕಾಣುತ್ತಿದ್ದವು, ಬುದ್ಧಿ ಮಾತ್ರ ಚುರುಕಾಗಿತ್ತು. ಕಣ್ಣಿನಿಂದ ಚಿತ್ರ ಬರುವುದು ಕಡಿಮೆಯಾದಾಗ ಮಿದುಳು ತಾನೇ ಚಿತ್ರ ಕಟ್ಟಿಕೊಳ್ಳುತ್ತದೆ. ಅಷ್ಟೇ ವಿಷಯ.

ಅಜ್ಜಿ ಆ ದಿನ ಬಸ್ಸಿನಲ್ಲಿ ತಿತಿಮತಿವರೆಗೂ ಅತ್ತರು. ಆಮೇಲೆ ಕಣ್ಣೊರೆಸಿಕೊಂಡು ಒಬ್ಬೊಬ್ಬರದೂ ಸೀರೆಯ ಬಣ್ಣ ಹೇಳಲು ಶುರು ಮಾಡಿದರು.

ಡಾಕ್ಟರ್ ಹೇಳಿಕೊಟ್ಟದ್ದು: ಜನ ಕಂಡಾಗ ಲೈಟ್ ಹಾಕಿ, ಎದ್ದು ಜಾಗ ಬದಲಾಯಿಸಿ, ಕಣ್ಣನ್ನು ಎಡಕ್ಕೂ ಬಲಕ್ಕೂ ನಾಲ್ಕೈದು ಸಲ ಹೊರಳಿಸಿ. ಬಹಳ ಸಲ ಮಾಯ ಆಗುತ್ತದೆ. ಆ ಜನ ಮಾತಾಡಿದ ಹಾಗೆ ಕೇಳಿಸಿದರೆ, ಅಥವಾ ಅವರು ನಿಜವೇ ಅಂತ ಹಿರಿಯರು ನಂಬಿ ಗಲಿಬಿಲಿಯಾದರೆ, ಆಗ ಬೇರೆ ಕಾರಣ ಇರಬಹುದು, ತೋರಿಸಬೇಕು. ಕೈಮಡಕ್ಕೆ ದೀಪ ಈಗಲೂ ಇಡುತ್ತೇವೆ. ಅದು ಹಿರಿಯರ ಮೇಲಿನ ಗೌರವಕ್ಕೆ. ದಯವಿಟ್ಟು ನಿಮ್ಮ ಮನೆಯಲ್ಲಿ ಕಣ್ಣು ಮಬ್ಬಾದ ಹಿರಿಯರಿದ್ದರೆ "ಏನಾದರೂ ಕಾಣುತ್ತದಾ" ಅಂತ ನೀವೇ ಕೇಳಿ. ಅವರಾಗಿ ಹೇಳುವುದಿಲ್ಲ.

ನಾಪೋಕ್ಲು_ಅಜ್ಜ

ಟೀಚರಮ್ಮ, ನನಗೂ ಸಂಜೆ ಹೊತ್ತು ಬೇಲಿ ಪಕ್ಕ ಕಪ್ಪು ನಾಯಿಗಳು ಕಾಣುತ್ತವೆ. ಮನೆಯಲ್ಲಿ ಯಾರಿಗೂ ಹೇಳಿಲ್ಲ. ಇವತ್ತು ಹೇಳುತ್ತೇನೆ.

ಸಿದ್ದಾಪುರದವ

ನನಗೆ 52, ಸಕ್ಕರೆ ಕಾಯಿಲೆ 11 ವರ್ಷದಿಂದ. ಇದೆಲ್ಲ ವಯಸ್ಸಾದವರಿಗೆ ಮಾತ್ರವಾ?

ವಿರಾಜಪೇಟೆ_ಹುಡುಗಿ

ಅಲ್ಲ ಸಾರ್. ವಯಸ್ಸಿನ ಬಗೆ 50 ದಾಟಿದವರಿಗೆ, ಅದರಲ್ಲೂ 60 ದಾಟಿದವರಿಗೆ ಜಾಸ್ತಿ. ಆದರೆ ಸಕ್ಕರೆ ಕಾಯಿಲೆಯಲ್ಲಿ ರೆಟಿನಾದ ರಕ್ತನಾಳವೇ ಸೋರಿ ಮ್ಯಾಕುಲಾ ಊದಿಕೊಳ್ಳುತ್ತದೆ, ಯಾವ ವಯಸ್ಸಿಗೂ ಬರಬಹುದು. ಅದಕ್ಕೂ ಇದೇ ಜಾತಿಯ ಇಂಜೆಕ್ಷನ್ ಕೊಡುತ್ತಾರೆ. ಜೊತೆಗೆ ಸಕ್ಕರೆ, ಬಿಪಿ ಎರಡೂ ಹಿಡಿತದಲ್ಲಿ ಇರಬೇಕು. ನೋಟ ಚೆನ್ನಾಗಿದ್ದರೂ ವರ್ಷಕ್ಕೊಮ್ಮೆ ಪಾಪೆ ಅಗಲ ಮಾಡಿ ನೋಡಿಸಿಕೊಳ್ಳಲೇಬೇಕು. ನೀವು ಯಾವಾಗ ನೋಡಿಸಿದ್ದು?

ಸಿದ್ದಾಪುರದವ

ಒಮ್ಮೆಯೂ ಇಲ್ಲ. ಈ ವಾರ ಹೋಗುತ್ತೇನೆ.

ಸುಂಟಿಕೊಪ್ಪ_ತೋಟ

ಇವತ್ತು ಮೊದಲ ಇಂಜೆಕ್ಷನ್ ಆಯಿತು. ನಾಪೋಕ್ಲು ಅಜ್ಜ, ನಿಮ್ಮ ಬರಹವನ್ನು ಅವ್ವ ನನ್ನಿಂದ ಮೂರು ಸಲ ಓದಿಸಿದರು. "ಇಗ್ಗುತಪ್ಪನ ಹೆಸರು ಹೇಳಿ ಮುಗಿಯುವುದರೊಳಗೆ" ಅನ್ನುವುದು ಅವರಿಗೆ ಹಿಡಿಸಿತು. ಹೊರಗೆ ಬಂದವರು "ಹೆಸರು ಅರ್ಧವೂ ಆಗಿರಲಿಲ್ಲ, ಮುಗಿಯಿತು ಅಂದ್ರು" ಅಂದರು. ಹಿಂದಿರುಗುವಾಗ ಕುಶಾಲನಗರದಲ್ಲಿ ಇಳಿದು ದೋಸೆ ತಿಂದರು. ಕಣ್ಣಿನ ಮೇಲೆ ಪಟ್ಟಿ ಇತ್ತು, ನಾನು ತಟ್ಟೆ ಹತ್ತಿರ ಸರಿಸಿದೆ.

ಎರಡು ಪ್ರಶ್ನೆ. ಇಂಜೆಕ್ಷನ್‌ಗಳಲ್ಲಿ ಬೆಲೆ ಅಷ್ಟೊಂದು ವ್ಯತ್ಯಾಸ ಯಾಕೆ? ಒಂದಕ್ಕೆ ಇನ್ನೊಂದರ ಹಲವು ಪಟ್ಟು ಇದೆ. ಮತ್ತೆ, ಪರಿಚಯದವರು ಕಣ್ಣಿನ ವಿಟಮಿನ್ ಮಾತ್ರೆ ತಂದುಕೊಟ್ಟಿದ್ದಾರೆ, ಕೊಡಬಹುದಾ?

ವಿರಾಜಪೇಟೆ_ಹುಡುಗಿ

ತುಂಬಾ ಸಂತೋಷ ಅಣ್ಣ!

ಬೆಲೆ ವಿಷಯ. ಬೆವಾಸಿಜುಮ್ಯಾಬ್ ಅನ್ನುವುದು ಮೂಲದಲ್ಲಿ ಕರುಳಿನ ಕ್ಯಾನ್ಸರ್‌ಗೆ ಬಂದ ಔಷಧಿ. ಕಣ್ಣಿಗೆ ಬೇಕಾಗುವುದು 0.05 ಮಿಲಿಲೀಟರ್, ಒಂದು ಹನಿಯಷ್ಟು. ಒಂದು ದೊಡ್ಡ ಸೀಸೆಯಿಂದ ಹಲವರಿಗೆ ಹಂಚುವುದರಿಂದ ಅಗ್ಗ. ಕಂಪನಿಯ ಲೇಬಲ್ಲಿನಲ್ಲಿ ಕಣ್ಣಿಗೆ ಅಂತ ಬರೆದಿರುವುದಿಲ್ಲ, ಆದರೂ ಜಗತ್ತಿನಾದ್ಯಂತ ಬಳಸುತ್ತಾರೆ. ರಾನಿಬಿಜುಮ್ಯಾಬ್ ಕಣ್ಣಿಗೆಂದೇ ಮಾಡಿದ್ದು. 2011ರಲ್ಲಿ ಅಮೆರಿಕದ ಒಂದು ದೊಡ್ಡ ಅಧ್ಯಯನದಲ್ಲಿ ಎರಡನ್ನೂ ಹೋಲಿಸಿದಾಗ ಒಂದು ವರ್ಷದ ನೋಟ ಹೆಚ್ಚುಕಡಿಮೆ ಒಂದೇ ಬಂತು. ರಾನಿಬಿಜುಮ್ಯಾಬ್‌ನ ನಮ್ಮ ದೇಶದ್ದೇ ರೂಪ 2015ರಿಂದ ಇದೆ, ಮೂಲದ್ದಕ್ಕಿಂತ ಬೆಲೆ ಕಡಿಮೆ. ಅಫ್ಲಿಬರ್ಸೆಪ್ಟ್, ಫಾರಿಸಿಮ್ಯಾಬ್ ಆಮೇಲೆ ಬಂದವು, ಕೆಲವರಿಗೆ ಎರಡು ಇಂಜೆಕ್ಷನ್ ನಡುವಿನ ಅಂತರ ಹೆಚ್ಚಿಸಬಹುದು. ನನ್ನ ಅಭಿಪ್ರಾಯ ಕೇಳಿದರೆ, ದುಬಾರಿಯದ್ದು ಒಂದು ಹಾಕಿಸಿ ದುಡ್ಡಿಲ್ಲ ಅಂತ ನಿಲ್ಲಿಸುವುದಕ್ಕಿಂತ ಕೈಗೆಟುಕುವುದನ್ನು ತಪ್ಪದೆ ಹಾಕಿಸುವುದು ಎಷ್ಟೋ ಮೇಲು. ಬೆವಾಸಿಜುಮ್ಯಾಬ್ ಆದರೆ ಸೀಸೆ ಹಂಚುವಾಗ ಶುದ್ಧತೆ ಮುಖ್ಯ, ಹೇಗೆ ಹಂಚುತ್ತೀರಿ ಅಂತ ಧೈರ್ಯವಾಗಿ ಕೇಳಿ. ಹೃದಯಾಘಾತ, ಪಾರ್ಶ್ವವಾಯು ಆಗಿದ್ದರೆ ಯಾವುದೇ ಇಂಜೆಕ್ಷನ್‌ಗೆ ಮುಂಚೆ ಹೇಳಲೇಬೇಕು.

ಮಾತ್ರೆ. ಅಮೆರಿಕದ ನ್ಯಾಷನಲ್ ಐ ಇನ್‌ಸ್ಟಿಟ್ಯೂಟ್ ಎರಡು ದೊಡ್ಡ ಅಧ್ಯಯನ ಮಾಡಿದೆ, 2001 ಮತ್ತು 2013ರಲ್ಲಿ ಫಲಿತಾಂಶ ಬಂತು. ಮಧ್ಯಮ ಹಂತದ ಒಣ ಬಗೆ ಇರುವವರಿಗೆ ವಿಟಮಿನ್ ಸಿ 500 ಮಿಲಿಗ್ರಾಂ, ವಿಟಮಿನ್ ಇ 400 ಯೂನಿಟ್, ಸತು, ತಾಮ್ರ, ಲ್ಯೂಟಿನ್ 10, ಜಿಯಾಕ್ಸಾಂಥಿನ್ 2 ಮಿಲಿಗ್ರಾಂ ಇರುವ ಮಾತ್ರೆ ಕೊಟ್ಟರೆ ಐದು ವರ್ಷದಲ್ಲಿ ಕಾಯಿಲೆ ಮುಂದಿನ ಹಂತಕ್ಕೆ ಹೋಗುವ ಅಪಾಯ ಸುಮಾರು ಕಾಲುಭಾಗ ಇಳಿಯುತ್ತದೆ. ಕಾಯಿಲೆ ಇಲ್ಲದವರಿಗೆ, ತೀರಾ ಶುರುವಿನಲ್ಲಿ ಇರುವವರಿಗೆ ಉಪಯೋಗ ಕಂಡಿಲ್ಲ. ಹಳೆಯ ಮಾತ್ರೆಗಳಲ್ಲಿ ಬೀಟಾ ಕ್ಯಾರೋಟಿನ್ ಇರುತ್ತದೆ, ಬೀಡಿ ಸಿಗರೇಟು ಸೇದುವವರಿಗೆ, ಹಿಂದೆ ಸೇದುತ್ತಿದ್ದವರಿಗೆ ಅದು ಬೇಡ, ಶ್ವಾಸಕೋಶದ ಕ್ಯಾನ್ಸರ್ ಅಪಾಯ ಹೆಚ್ಚುತ್ತದೆ. ಡಬ್ಬಿಯ ಲೇಬಲ್ ಡಾಕ್ಟರಿಗೆ ತೋರಿಸಿ. ಸೊಪ್ಪು, ಮತ್ತಿ ಮೀನು ಧಾರಾಳ ತಿನ್ನಲಿ. ಬೀಡಿ ಸೇದುವವರು ಇವತ್ತೇ ಬಿಡಲಿ, ನಮ್ಮ ಕೈಯಲ್ಲಿರುವ ಕಾರಣಗಳಲ್ಲಿ ಅದೇ ದೊಡ್ಡದು. ಅವ್ವನ ಒಡಹುಟ್ಟಿದವರೂ ನೀವೂ ಕಣ್ಣು ತೋರಿಸಿಕೊಳ್ಳಿ, ಇದು ಕುಟುಂಬದಲ್ಲಿ ಹರಿಯುತ್ತದೆ.

ಇನ್ನೊಂದು, ಎಲ್ಲರಿಗೂ. ಪೊರೆ ಅಂದರೆ ಮಡಿಕೇರಿ ಮಂಜಿನ ಹಾಗೆ, ಎಲ್ಲ ಕಡೆ ಒಂದೇ ಸಮ ಮಸುಕು. ಮ್ಯಾಕುಲಾ ಅಂದರೆ ನಡುವೆ ಮಾತ್ರ ಅಳಿಸಿದ ಹಾಗೆ, ಅಥವಾ ಗೆರೆ ಡೊಂಕು. ಒಂದು ಕಣ್ಣು ಚೆನ್ನಾಗಿದ್ದರೆ ಅದು ಇನ್ನೊಂದರ ತೊಂದರೆಯನ್ನು ಮುಚ್ಚಿಹಾಕುತ್ತದೆ. ಅದಕ್ಕೇ ಒಂದೊಂದೇ ಕಣ್ಣು ಮುಚ್ಚಿ ನೋಡಬೇಕು. ಇದಕ್ಕೆ ಆಮ್ಸ್ಲರ್ ಚೌಕ ಅಂತ ಇದೆ, 10 ಸೆಂಟಿಮೀಟರ್ ಚೌಕದಲ್ಲಿ ಅರ್ಧ ಅರ್ಧ ಸೆಂಟಿಮೀಟರ್ ಗೆರೆ, ನಡುವೆ ಚುಕ್ಕೆ. ಮಕ್ಕಳ ಚೌಕದ ಲೆಕ್ಕದ ಪುಸ್ತಕದ ಒಂದು ಹಾಳೆಗೆ ನಡುವೆ ಚುಕ್ಕೆ ಇಟ್ಟರೂ ಆಯಿತು. ಓದುವ ಕನ್ನಡಕ ಹಾಕಿ, ಒಂದಡಿ ದೂರ ಹಿಡಿದು, ಚುಕ್ಕೆಯನ್ನೇ ನೋಡುತ್ತಾ ಗೆರೆ ಡೊಂಕಾಗಿದೆಯಾ, ಎಲ್ಲಾದರೂ ಅಳಿಸಿದೆಯಾ ಗಮನಿಸಿ. ಹೊಸದಾಗಿ ಡೊಂಕು ಕಂಡರೆ ಎರಡು ಮೂರು ದಿನದೊಳಗೆ ರೆಟಿನಾ ನೋಡುವವರ ಹತ್ತಿರ ಇರಬೇಕು. ಕೊಯ್ಲು, ಮದುವೆ, ಮಳೆ ಯಾವುದಕ್ಕೂ ಕಾಯಬೇಡಿ.

ಗೋಣಿಕೊಪ್ಪ_ಟೀಚರ್

ಮೇಡಂ, ಇದನ್ನು ನಮ್ಮ ಶಾಲೆಯಲ್ಲಿ ಮಾಡುತ್ತೇನೆ. ಏಳನೇ ತರಗತಿ ಮಕ್ಕಳು ಒಂದೊಂದು ಹಾಳೆ ಮನೆಗೆ ಒಯ್ದು ಅಜ್ಜ ಅಜ್ಜಿಗೆ ತೋರಿಸಲಿ.

ಸೋಮವಾರಪೇಟೆ_ಮಗಳು

ನನ್ನ ಅಪ್ಪನಿಗೆ ಒಣ ಬಗೆ, ಕೊನೆಯ ಹಂತ. ಎರಡೂ ಕಣ್ಣು. ಅಮೆರಿಕದಲ್ಲಿ 2023ರಲ್ಲಿ ಇದಕ್ಕೆ ಎರಡು ಇಂಜೆಕ್ಷನ್ ಒಪ್ಪಿದ್ದಾರೆ, ಅವೂ ಸವೆಯುವ ವೇಗ ಸ್ವಲ್ಪ ಇಳಿಸುತ್ತವೆ, ಹೋದದ್ದನ್ನು ತರುವುದಿಲ್ಲ ಅಂತ ಡಾಕ್ಟರ್ ಹೇಳಿದರು. ಹಾಗಾಗಿ ಇರುವ ನೋಟದಲ್ಲಿ ಬದುಕುವುದು ಹೇಗೆ ಅಂತ ನಾವು ಕಲಿತೆವು. ಇಂಜೆಕ್ಷನ್ ವಿಷಯದಷ್ಟೇ ಇದೂ ಮುಖ್ಯ, ಆದರೆ ಇದನ್ನು ಹೇಳಿಕೊಡಲು ಯಾರಿಗೂ ಪುರುಸೊತ್ತಿಲ್ಲ.

ಮೊದಲನೆಯದು, ಪೂರ್ತಿ ಕತ್ತಲೆ ಆಗುವುದಿಲ್ಲ. ಪಕ್ಕದ ನೋಟ ಉಳಿಯುತ್ತದೆ. ಅಪ್ಪ ಇದನ್ನು ನಂಬಲು ಒಂದು ವರ್ಷ ಬೇಕಾಯಿತು. ಯಾರನ್ನಾದರೂ ನೋಡಬೇಕಾದರೆ ಅವರ ಕಿವಿಯ ಆಚೆ ನೋಡುತ್ತಾರೆ, ಆಗ ಮುಖ ಪಕ್ಕದ ನೋಟಕ್ಕೆ ಸಿಗುತ್ತದೆ. ನೆಂಟರಿಗೆ ಮೊದಲು ಬೇಜಾರಾಯಿತು, ಮಾತಾಡುವಾಗ ಎಲ್ಲೋ ನೋಡ್ತಾರೆ ಅಂತ. ಬಂದವರಿಗೆಲ್ಲ ನಾನೇ ಹೇಳಿಬಿಡುತ್ತೇನೆ.

ಕಾಫಿ ಬಿಳಿ ಲೋಟಕ್ಕೆ, ಹಾಲು ಮಜ್ಜಿಗೆ ಕಪ್ಪು ಲೋಟಕ್ಕೆ. ಅನ್ನಕ್ಕೆ ಕಡುನೀಲಿ ತಟ್ಟೆ. ಸ್ಟೀಲ್ ತಟ್ಟೆಯಲ್ಲಿ ಅನ್ನ ಕಾಣದೆ ಅಪ್ಪ ಅರ್ಧ ಹೊಟ್ಟೆಗೆ ಏಳುತ್ತಿದ್ದರು, ನಮಗೆ ತಿಳಿಯಲೇ ಇಲ್ಲ. ಮೆಟ್ಟಿಲ ಅಂಚಿಗೆ ಹಳದಿ ಬಣ್ಣ ಹೊಡೆಸಿದೆ. ಗ್ಯಾಸ್ ಒಲೆಯ ತಿರುಗುಗುಬ್ಬಿಗೆ "ನಿಲ್ಲಿಸು" ಇರುವ ಕಡೆ ಫೆವಿಕ್ವಿಕ್‌ನಲ್ಲಿ ಒಂದು ಅಕ್ಕಿಕಾಳು ಅಂಟಿಸಿದ್ದೇನೆ, ಬೆರಳಿಗೆ ಸಿಗುತ್ತದೆ. ಕೂರುವ ಕುರ್ಚಿಯ ಹಿಂದಿನಿಂದ ಹೆಗಲ ಮೇಲೆ ಬೀಳುವ ಹಾಗೆ ದೀಪ. ಲೈಟ್ ಇರುವ ಭೂತಗನ್ನಡಿಯಲ್ಲಿ ದಿನಪತ್ರಿಕೆಯ ತಲೆಬರಹ ಓದುತ್ತಾರೆ. ಉಳಿದದ್ದನ್ನು ಫೋನ್ ಓದಿ ಹೇಳುತ್ತದೆ, ಟಾಕ್‌ಬ್ಯಾಕ್ ಕನ್ನಡದಲ್ಲೂ ಮಾತಾಡುತ್ತದೆ.

ಸ್ಕೂಟರ್ ಬಿಡಿಸಿದ್ದು ದೊಡ್ಡ ಜಗಳ. ಒಬ್ಬರೇ ತೋಟಕ್ಕೆ ಹೋಗುವುದನ್ನು ಬಿಡಿಸಿದ್ದು ಅದಕ್ಕಿಂತ ದೊಡ್ಡದು. ಆನೆ ಎದುರು ನಿಂತರೂ ನಡುವೆ ಇದ್ದರೆ ಕಾಣುವುದಿಲ್ಲ. ಈಗ ಕೆಲಸದ ಹುಡುಗ ಜೊತೆಗೆ ಹೋಗುತ್ತಾನೆ, ಅಪ್ಪ ಕೈಯಿಂದ ಮುಟ್ಟಿ ಗೊಂಚಲು ಬಲಿತಿದೆಯಾ ಹೇಳುತ್ತಾರೆ. ತಪ್ಪುವುದೇ ಇಲ್ಲ.

ಅಂಗವಿಕಲರ ಗುರುತಿನ ಚೀಟಿಗೆ ಆನ್‌ಲೈನಿನಲ್ಲಿ ಅರ್ಜಿ ಹಾಕಿ. ಎರಡೂ ಕಣ್ಣಿನ ನೋಟ ಕಡಿಮೆ ಆಗಿ ಅಂಗವಿಕಲತೆ 40 ಶೇಕಡ ಅಥವಾ ಅದಕ್ಕಿಂತ ಹೆಚ್ಚು ಅಂತ ಬಂದರೆ ಸೌಲಭ್ಯ ಸಿಗುತ್ತದೆ. ಕೇಳಲು ನಾಚಿಕೆ ಬೇಡ.

ಸುಂಟಿಕೊಪ್ಪ_ತೋಟ

ನಾಲ್ಕು ತಿಂಗಳು ಆದ ಮೇಲೆ ಬರೆಯುತ್ತಿದ್ದೇನೆ, ಕ್ಷಮಿಸಿ. ಕೊಯ್ಲು, ಮೆಣಸು, ಆಸ್ಪತ್ರೆ ಅಂತ ಓಡಾಟ.

ಮೂರು ಇಂಜೆಕ್ಷನ್ ಮುಗಿದು ನಾಲ್ಕನೆಯದೂ ಆಯಿತು. ಸ್ಕ್ಯಾನ್ ಪರದೆಯಲ್ಲಿ ಡಾಕ್ಟರ್ ನನಗೆ ತೋರಿಸಿದರು. ಡಿಸೆಂಬರಿನಲ್ಲಿ ಮ್ಯಾಕುಲಾ ಕೆಳಗೆ ಕಪ್ಪಗೆ ಗುಡ್ಡದ ಹಾಗೆ ನೀರು ನಿಂತಿತ್ತು. ಈಗ ಅಲ್ಲಿ ಬಟ್ಟಲಿನ ಹಾಗೆ ತಗ್ಗು, ಅದು ಇರಬೇಕಾದದ್ದೇ ಹಾಗೆ. ಚಾರ್ಟಿನಲ್ಲಿ ಎರಡು ಸಾಲು ಜಾಸ್ತಿ ಓದಿದರು. ಮುಂದಿನದಕ್ಕೆ ಆರು ವಾರ ಬಿಟ್ಟು ಬನ್ನಿ, ಒಣಗಿಯೇ ಇದ್ದರೆ ಎಂಟು ವಾರ ಮಾಡೋಣ ಅಂದಿದ್ದಾರೆ. ಬಲಗಣ್ಣು ಹಾಗೆಯೇ ಇದೆ. ಆ ಮರ ಬಾಗಿದೆ ಅಂದ ದಿನವೇ ಹೊರಟಿದ್ದರೆ ಅಂತ ನನಗೆ ರಾತ್ರಿ ಅನ್ನಿಸುತ್ತಲೇ ಇರುತ್ತದೆ.

ಹೂ ಮಳೆ ಬಿದ್ದು ಕಾಫಿ ಹೂ ಅರಳಿ ತೋಟ ಪೂರ್ತಿ ಬೆಳ್ಳಗಾದ ದಿನ ಅವ್ವ ಜಗಲಿಗೆ ಬಂದು ನಿಂತರು. ಬಲಗಣ್ಣು ಕೈಯಿಂದ ಮುಚ್ಚಿಕೊಂಡು ಗೇಟಿನ ಕಡೆ ನೋಡಿ, "ಸಿಲ್ವರ್ ಓಕ್ ನೆಟ್ಟಗಾಗಿದೆ" ಅಂದರು. ಈಗ ದಿನಾ ಬೆಳಿಗ್ಗೆ ಕಾಫಿ ಕುಡಿದ ಮೇಲೆ ಅದೇ ಪರೀಕ್ಷೆ. ಚೌಕದ ಹಾಳೆ ಗೋಡೆ ಮೇಲೆ ಇದೆ, ಆದರೆ ಅವರಿಗೆ ಮರವೇ ಇಷ್ಟ.

ಬರುವ ಬುಧವಾರ ಬೆಳಿಗ್ಗೆ ಆರಕ್ಕೆ ಮೈಸೂರಿಗೆ ಹೊರಡುತ್ತೇವೆ. ಕಾರಿನಲ್ಲಿ ಎರಡು ಸೀಟು ಖಾಲಿ ಇದೆ. ಸುಂಟಿಕೊಪ್ಪದಿಂದ ಕುಶಾಲನಗರದವರೆಗೆ ದಾರಿಯಲ್ಲಿ ಕಣ್ಣು ತೋರಿಸುವವರು ಯಾರಾದರೂ ಇದ್ದರೆ ಹೇಳಿ. ಹನಿ ಹಾಕಿದ ಮೇಲೆ ಕೆಲವು ಗಂಟೆ ಕಣ್ಣು ಮಬ್ಬಾಗಿರುತ್ತದೆ, ಒಬ್ಬರೇ ಬಸ್ಸಿನಲ್ಲಿ ಬರುವುದು ಕಷ್ಟ.

ಸಿದ್ದಾಪುರದವ

ಅಣ್ಣ, ಒಂದು ಸೀಟು ನನಗೆ ಇಡಿ. ಆ ವಾರವೇ ನೋಡಿಸಿದೆ, ಎರಡೂ ಕಣ್ಣಿನಲ್ಲಿ ಸೋರಿಕೆ ಶುರುವಾಗಿದೆ ಅಂದರು. ಬುಧವಾರ ನನಗೆ ಎರಡನೇ ಇಂಜೆಕ್ಷನ್. ಆರು ಗಂಟೆಗೆ ಸುಂಟಿಕೊಪ್ಪ ಬಸ್ ಸ್ಟ್ಯಾಂಡಿನಲ್ಲಿ ಇರುತ್ತೇನೆ.